ಬಿಸಿ ತಾಗದ ಕೈ

ನಮ್ಮ ಮನೆಯಲ್ಲಿ ಒಗೆಯುವ ಕೆಲಸ ನನ್ನದು. ಮನೆಯವರ ಬಟ್ಟೆ ಮಾತ್ರವಲ್ಲ, ಅಣ್ಣನ ಶೆಡ್ಡಿನಿಂದ ದಿನಾ ಸಂಜೆ ಎರಡು ಬುಟ್ಟಿ ಬರುತ್ತವೆ. ಒಂದರಲ್ಲಿ ಕಾರು ಒರೆಸಿದ ಬಟ್ಟೆಗಳು, ಇನ್ನೊಂದರಲ್ಲಿ ಪಾಲಿಶ್ ಮಷೀನಿಗೆ ಅಂಟಿಸುವ ಸ್ಪಂಜಿನ ಬಿಲ್ಲೆಗಳು. ಗಂಡನನ್ನು ಬಿಟ್ಟು ತವರಿಗೆ ಬಂದ ಮೊದಲ ವಾರವೇ ನಾನಾಗಿ ಆ ಬುಟ್ಟಿಗಳಿಗೆ ಕೈ ಹಾಕಿದೆ. ಈ ಒರ್ಲಿಂಡಾ ಅಣ್ಣನ ಮನೆಯಲ್ಲಿ ಬಿಟ್ಟಿ ಕೂಳು ತಿನ್ನುತ್ತಾಳೆ ಅಂತ ನಮ್ಮೂರು ಎಸ್ಪನ್ಯೋಲಾದಲ್ಲಿ ಯಾರೂ ನನ್ನ ಬಗ್ಗೆ ಬಾಯಿ ಬಿಡಬಾರದಿತ್ತು. ಹನ್ನೊಂದು ವರ್ಷವಾಯಿತು. ಈ ಮನೆಯಲ್ಲಿ ಯಾರು ಏನು ಮುಚ್ಚಿಟ್ಟರೂ ಅದು ಕೊನೆಗೆ ನನ್ನ ಬುಟ್ಟಿಗೆ ಬಂದು ಬೀಳುತ್ತದೆ. ಹೇಳುವುದು ಬಿಡುವುದು ನನಗೆ ಸೇರಿದ್ದು. ಆ ಸಲ ನಾನು ಹೇಳದೆ ಕೂತೆ, ಅದಕ್ಕೆ ಈಗಲೂ ನನ್ನ ಮೇಲೆ ನನಗೇ ಸಿಟ್ಟಿದೆ.

ಅಣ್ಣ ಎಲೋಯ್ ಮೂವತ್ತೈದು ವರ್ಷದಿಂದ ಕಾರು ಪಾಲಿಶ್ ಮಾಡುತ್ತಿದ್ದಾನೆ. ನಮ್ಮ ಕಣಿವೆಯ ಗಂಡಸರು ಹೆಂಡತಿಯ ಹುಟ್ಟುಹಬ್ಬ ಮರೆತಾರು, ಆದರೆ ನೆಲಕ್ಕೆ ತಗ್ಗಿಸಿ ಕಟ್ಟಿಸಿದ ತಮ್ಮ ಹಳೆಯ ಕಾರನ್ನು ಈಸ್ಟರ್ ಭಾನುವಾರ ಪೂಜೆ ಮುಗಿಸಿ ದೊಡ್ಡ ರಸ್ತೆಯಲ್ಲಿ ಆಮೆವೇಗದಲ್ಲಿ ಓಡಿಸುವುದನ್ನು ಮರೆಯುವುದಿಲ್ಲ. ಅದಕ್ಕೆ ಮುಂಚಿನ ನಲವತ್ತು ದಿನ, ತಪಸ್ಸುಕಾಲ ಪೂರ್ತಿ, ನಮ್ಮ ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕಾರು ಹೊಳೆಯಬೇಕೆಂದರೆ ಎಲೋಯ್ ಕೈಯೇ ಆಗಬೇಕು ಅಂತ ಜನರ ಹಟ.

ಆ ಕೈಗೆ ಒಂದು ನಿಯಮವಿತ್ತು. ನಾಲ್ಕು ಸಲ ಮಷೀನು ಆಡಿಸಿದ ಮೇಲೆ ನಿಲ್ಲಿಸಿ, ಅಂಗೈಯನ್ನು ತಗಡಿನ ಮೇಲೆ ಇಡಬೇಕು. ಕೈ ತಾಳಿದರೆ ಬಣ್ಣ ತಾಳುತ್ತದೆ. ಕೈ ಹಿಂದೆ ಎಳೆದುಕೊಂಡರೆ ಬಣ್ಣ ಸುಡುವ ಹಂತಕ್ಕೆ ಬಂದಿದೆ ಎಂದರ್ಥ, ಮಷೀನು ಕೆಳಗಿಟ್ಟು ಕಾಫಿ ಕುಡಿಯಬೇಕು. ಕಣಿವೆಯಲ್ಲಿ ಇವತ್ತು ಪಾಲಿಶ್ ಮಾಡುವವರೆಲ್ಲ ಈ ಪಾಠವನ್ನು ಅಣ್ಣನಿಂದಲೇ ಕಲಿತವರು. ಅವನ ಮಗಳು ಲಿಯಾಂದ್ರಾ ಹತ್ತು ವರ್ಷದವಳಿದ್ದಾಗಲೇ ಕಲಿತಳು.

ಲಿಯಾಂದ್ರಾ ಆಲ್ಬಕರ್ಕಿ ಪಟ್ಟಣದ ಒಂದು ದೊಡ್ಡ ಅಂಗಡಿಯಲ್ಲಿ ಮೂರು ವರ್ಷ ಇದೇ ಕೆಲಸ ಮಾಡಿ, ಇಪ್ಪತ್ತಾರನೆಯ ವಯಸ್ಸಿಗೆ ಮನೆಗೆ ವಾಪಸು ಬಂದಳು. ಬೇರೆಯವರ ಬೋರ್ಡಿನ ಕೆಳಗೆ ಸಾಕು, ಇನ್ನು ಊರಲ್ಲಿ ನನ್ನ ಹೆಸರಿನಲ್ಲಿ ಕಾರು ತೆಗೆದುಕೊಳ್ಳುತ್ತೇನೆ ಅಂದಳು. ಬರುವಾಗ ಪಿಸ್ತೂಲಿನ ಆಕಾರದ ಒಂದು ಥರ್ಮಾಮೀಟರು ತಂದಿದ್ದಳು. ದೂರದಿಂದ ಗುರಿ ಇಟ್ಟರೆ ತಗಡು ಎಷ್ಟು ಕಾದಿದೆ ಅಂತ ಅಂಕಿ ತೋರಿಸುತ್ತದೆ. ಅಣ್ಣ ಅದನ್ನು ಅಮ್ಮನ ಹಣೆಗೆ ಹಿಡಿದು, ಜ್ವರ ಇಲ್ಲ, ಹುಷಾರಾಗಿದ್ದೀಯ ಅಂತ ನಗಾಡಿದ.

ಬಂದ ಮೂರನೆಯ ದಿನವೇ ಅವಳು ಮಷೀನು ಕೆಳಗಿಟ್ಟು ಬೆರಳು ಊದಿಕೊಂಡಳು.

“ಅಪ್ಪ, ಇದು ತುಂಬಾ ಕಾಯ್ತಿದೆ. ತಲೆ ಹಿಡಿಯೋಕೇ ಆಗ್ತಿಲ್ಲ.”

ಅಣ್ಣ ಬಂದು ಮಷೀನಿನ ಲೋಹದ ತಲೆಯನ್ನು ಮುಷ್ಟಿಯಲ್ಲಿ ಹಿಡಿದ. ಹಿಡಿದುಕೊಂಡೇ ಅವಳ ಮುಖ ನೋಡಿದ.

“ಎಲ್ಲಿದೆ ಬಿಸಿ? ನಿನ್ನ ಕೈ ಮೆತ್ತಗಾಗಿದೆ ಅಷ್ಟೆ. ಆಲ್ಬಕರ್ಕೀಲಿ ಕೈಗೆ ಬೆಣ್ಣೆ ಹಚ್ಕೊಂಡು ಕೆಲಸ ಮಾಡ್ತಿದ್ರೋ ಹೇಗೆ?”

ನಾನು ಬುಟ್ಟಿ ಎತ್ತಿಕೊಳ್ಳಲು ಅಲ್ಲೇ ನಿಂತಿದ್ದೆ. ನಾನೂ ನಕ್ಕೆ. ಹುಡುಗಿ ನಗಲಿಲ್ಲ. ಅಪ್ಪನ ಮುಷ್ಟಿಯನ್ನೇ ನೋಡುತ್ತಿದ್ದಳು.

ಊಟದ ಹೊತ್ತಿಗೆ ಈ ಮಾತು ಅಮ್ಮನ ಕಿವಿಗೆ ಬಿತ್ತು. ನಮ್ಮಮ್ಮ ರಮೋನ್ಸಿತಾಗೆ ಎಂಬತ್ತೊಂದು. ಕೈಯಲ್ಲಿ ಕೊಕ್ಕೆ ಸೂಜಿ ಇಲ್ಲದೆ ಅವಳನ್ನು ಯಾರೂ ನೋಡಿಲ್ಲ. ಕಾಗದದ ಉರುಳೆಗೆ ಅಂಗಿ, ಸೀಸೆಗೆ ಅಂಗಿ, ಗೂಡಿನಲ್ಲಿರುವ ಸಂತ ಅಂತೋಣಿಗೆ ಚಳಿಗಾಲದ ಮೇಲಂಗಿ, ಎಲ್ಲ ಅವಳ ಹೆಣಿಗೆಯೇ. ಮೊಮ್ಮಗಳ ಕೈ ಸುಡುತ್ತದೆ ಅಂದರೆ ಬಿಡುತ್ತಾಳೆಯೇ? ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ ಹೊತ್ತಿಗೆ ನೇರಳೆ ಉಣ್ಣೆಯ ಒಂದು ದಪ್ಪ ಚೀಲ ಹೆಣೆದು, ಮಷೀನಿನ ತಲೆಗೆ ಸರಿಯಾಗಿ ಕೂರುವಂತೆ ಗುಂಡಿ ಇಟ್ಟು ಕೊಟ್ಟಳು. ಲಿಯಾಂದ್ರಾ ಅಜ್ಜಿಯ ಕೆನ್ನೆಗೆ ಮುತ್ತಿಟ್ಟು, ಆದರೆ ಇದು ಬೇಡ ಅಂದಳು. ಮಷೀನಿನ ತಲೆಯ ಸುತ್ತ ಕಿಂಡಿಗಳಿವೆ, ಬಿಸಿಗಾಳಿ ಅಲ್ಲಿಂದಲೇ ಹೊರಗೆ ಹೋಗಬೇಕು, ಚೀಲ ಹಾಕಿದರೆ ಅದರ ಮೂಗು ಮುಚ್ಚಿದ ಹಾಗಾಗುತ್ತದೆ ಅಂತ ಬಿಡಿಸಿ ಹೇಳಿದಳು. ಅಮ್ಮನಿಗೆ ಕಿಂಡಿ ಗಿಂಡಿ ತಲೆಗೆ ಹೋಗಲಿಲ್ಲ. ಬೇಡ ಅಂದದ್ದು ಮಾತ್ರ ಹೋಯಿತು. ಎರಡು ದಿನ ತಟ್ಟೆಯ ಮುಂದೆ ಮುಖ ಊದಿಸಿಕೊಂಡು ಕೂತಳು. ಮೂರನೆಯ ದಿನ ಅಣ್ಣ ಆ ಚೀಲವನ್ನು ತನ್ನ ಮಷೀನಿಗೆ ತೊಡಿಸಿ, ನೋಡಮ್ಮಾ, ಎಷ್ಟು ಚೆನ್ನಾಗಿ ಕೂತಿದೆ ಅಂತ ಕಿಟಕಿಯಿಂದ ತೋರಿಸಿದ. ಅಮ್ಮನ ಮುಖ ಅರಳಿತು. ಮಗಳು ತಲೆ ಚಚ್ಚಿಕೊಂಡು ಶೆಡ್ಡಿಗೆ ಹೋದಳು.

ತಪಸ್ಸುಕಾಲದ ಎರಡನೆಯ ವಾರ ಫಿಡೆಲ್ ತನ್ನ ಕಾರು ತಂದ. ಫಿಡೆಲ್ ಅಂದರೆ ನನ್ನ ಅತ್ತಿಗೆ ಕೊರೀನಾಳ ತಮ್ಮ. ಕಾರು ಅವನದಾದರೂ ಅದರ ಬಣ್ಣ ಅವರಪ್ಪ ಅಬೆನಿಸಿಯೋದು. ಎಪ್ಪತ್ತೊಂಬತ್ತನೆಯ ಇಸವಿಯ ಚಳಿಗಾಲದಲ್ಲಿ ಮುದುಕ ತನ್ನ ಹಿತ್ತಲಿನಲ್ಲೇ ಬೆಳ್ಳಿಬಣ್ಣದ ಮೇಲೆ ತೆಳ್ಳಗೆ ಕೆಂಪು, ಅದರ ಮೇಲೆ ಮತ್ತೆ ಕೆಂಪು, ಹೀಗೆ ಹನ್ನೆರಡು ಸಲ ಹೊಡೆದು, ಮೇಲೆ ಗಾಜಿನಂಥ ಒಂದು ಪದರ ಕೊಟ್ಟಿದ್ದ. ಯಾವ ಕೆಂಪಿಗೆ ಏನು ಬೆರೆಸಿದ ಅಂತ ಯಾರಿಗೂ ಹೇಳದೆ ಸತ್ತ. ಬಿಸಿಲಿಗೆ ನಿಲ್ಲಿಸಿದರೆ ಆ ಕಾರು ಒಳಗಿನಿಂದ ಬೆಳಗುತ್ತದೆ. ಕೊರೀನಾ ಅದರ ಪಕ್ಕ ಹಾದು ಹೋಗುವಾಗಲೆಲ್ಲ ಒಂದು ಸಲ ಮುಟ್ಟಿ ಹೋಗುತ್ತಾಳೆ.

“ಭಾವ, ಇದನ್ನ ನೀವು ಮಾತ್ರ ಮುಟ್ಬೇಕು,” ಅಂದ ಫಿಡೆಲ್. “ಹುಡುಗಿ ಬೇಕಾದ್ರೆ ಬಾಗಿಲು ತೊಳೀಲಿ, ಚಕ್ರ ಒರೆಸ್ಲಿ.”

ಹುಡುಗಿ ಎರಡು ಮಾರು ದೂರದಲ್ಲೇ ನಿಂತಿದ್ದಳು. ಅವಳ ಎದುರಿಗೇ ಹೇಳಿದ. ಅಣ್ಣ ಅದಕ್ಕೆ ಸರಿ ಎಂದೂ ಅನ್ನಲಿಲ್ಲ, ತಪ್ಪು ಎಂದೂ ಅನ್ನಲಿಲ್ಲ. ರಾತ್ರಿ ಊಟದಲ್ಲಿ ಮಗಳು ಹಟ ಹಿಡಿದಳು. ಅಬೆನಿಸಿಯೋ ನನಗೂ ತಾತ, ಆ ಕಾರಿಗೆ ನನ್ನ ಕೈಯೂ ಬೀಳಬೇಕು ಅಂದಳು. ಅಣ್ಣ ಬೀನ್ಸಿಗೆ ಉಪ್ಪು ಸಾಲದು ಅಂದ. ಅವಳು ಬಿಡಲಿಲ್ಲ. ಕೊನೆಗೆ ಬಾಗಿಲುಗಳನ್ನು ಅವಳು ಪಾಲಿಶ್ ಮಾಡುವುದು, ಬಾನೆಟ್ಟು ಡಿಕ್ಕಿ ಅಣ್ಣ ಮಾಡುವುದು, ಫಿಡೆಲ್‌ಗೆ ಯಾರೂ ಹೇಳದಿರುವುದು ಅಂತ ತೀರ್ಮಾನವಾಯಿತು. ನಮ್ಮ ಮನೆಯ ಎಲ್ಲ ತೀರ್ಮಾನಗಳೂ ಹೀಗೆಯೇ, ಒಬ್ಬರಿಗೆ ಹೇಳದಿರುವುದರಲ್ಲಿ ಮುಗಿಯುತ್ತವೆ.

ಅದಾದ ಮೇಲಿನ ಒಂದು ಬುಧವಾರ ಸಂಜೆ ಬುಟ್ಟಿ ಬೋರಲು ಹಾಕಿದಾಗ ಆ ಬಿಲ್ಲೆ ಕಂಡಿತು. ನಡುವೆ ಸ್ಪಂಜು ಕರಗಿ ಗಟ್ಟಿಯಾಗಿತ್ತು. ಅಂಚಿನ ಸುತ್ತ ಕೆಂಪು ಮೆತ್ತಿತ್ತು. ಗಾಜಿನಂಥ ಆ ಮೇಲ್ಪದರ ಇರುವ ತನಕ ಬಿಲ್ಲೆಗೆ ಬಣ್ಣ ಹತ್ತುವುದಿಲ್ಲ, ಬೂದು ಕೊಳೆ ಮಾತ್ರ ಬರುತ್ತದೆ. ಬಣ್ಣ ಹತ್ತಿತೆಂದರೆ ಪದರ ಹೋಯಿತು ಅಂತಲೇ. ಹನ್ನೊಂದು ವರ್ಷ ಒಗೆದವಳಿಗೆ ಇಷ್ಟು ಗೊತ್ತಾಗುವುದಿಲ್ಲವೇ? ಶೆಡ್ಡಿನ ಕಡೆ ನೋಡಿದರೆ ಅಣ್ಣ ಕಾರಿನ ಮೇಲೆ ಹೊದಿಕೆ ಎಳೆಯುತ್ತಿದ್ದ. ಹಗಲು ಇನ್ನೂ ಒಂದು ಗಂಟೆ ಇತ್ತು. ನಾನು ಆ ಬಿಲ್ಲೆಯನ್ನು ಸೋಪಿನ ಪುಡಿಯ ಡಬ್ಬದ ಹಿಂದೆ ತುರುಕಿದೆ.

ಶನಿವಾರ ಫಿಡೆಲ್ ಕಾರು ನೋಡಲು ಬಂದು ಹೊದಿಕೆ ಎತ್ತಿದ. ಡಿಕ್ಕಿಯ ಎಡ ಅಂಚಿನಲ್ಲಿ ಮೂರು ಬೆರಳಗಲ ಕೆಂಪು ಹೋಗಿ ಬೆಳ್ಳಿಬಣ್ಣ ಕಾಣುತ್ತಿತ್ತು. ಆ ಹೊತ್ತಿಗೆ ಸರಿಯಾಗಿ ಲಿಯಾಂದ್ರಾ ಕೈಯಲ್ಲಿ ಮಷೀನು ಹಿಡಿದು ಬೇರೆ ಯಾರದೋ ಟ್ರಕ್ಕಿನ ಪಕ್ಕ ನಿಂತಿದ್ದಳು. ಫಿಡೆಲ್ ಅವಳನ್ನು ನೋಡಿದ, ಆಮೇಲೆ ಅಣ್ಣನನ್ನು ನೋಡಿದ. ಇವಳ ಕೈಗೆ ಕೊಡಬೇಡಿ ಅಂದಿರಲಿಲ್ಲವೇ ಅಂತ ಕೇಳಿದ. ಅವನ ಮೇಲೆ ನನಗೆ ಕೋಪವಿಲ್ಲ, ಸತ್ತ ಅಪ್ಪನ ಚರ್ಮವನ್ನೇ ಯಾರೋ ಸುಲಿದ ಹಾಗೆ ಆಗಿರಬೇಕು. ಎಲ್ಲರೂ ಅಣ್ಣನ ಬಾಯಿಯನ್ನೇ ನೋಡುತ್ತಿದ್ದೆವು.

“ಮಷೀನು ಕಾದಿತ್ತು,” ಅಂದ ಅಣ್ಣ.

ಅಷ್ಟೇ ಅಂದದ್ದು. ಸುಳ್ಳೂ ಅಲ್ಲ. ಆದರೆ ಆ ಒಂದು ಮಾತಿನ ಹಿಂದೆ ಅವನು ಪೂರ್ತಿ ಅಡಗಿಕೊಂಡ, ಮಗಳು ಬಯಲಲ್ಲಿ ನಿಂತಳು. ತಾನು ಆ ಡಿಕ್ಕಿಯನ್ನು ಮುಟ್ಟಿಯೇ ಇಲ್ಲ ಅಂತ ಅವಳು ಹೇಳಿದ್ದನ್ನು ಫಿಡೆಲ್ ಕೇಳಿಸಿಕೊಳ್ಳಲೂ ಇಲ್ಲ. ಬಾಕಿ ಉಳಿದ ಬಾನೆಟ್ಟನ್ನು ಭಾವನೇ ಮುಗಿಸಲಿ ಅಂತ ಕಾರು ಬಿಟ್ಟು ಹೋದ.

ಸೋಮವಾರ ಬೆಳಿಗ್ಗೆ ಫೋನು ಶುರುವಾಯಿತು. ಶೆಡ್ಡಿನ ಫೋನು ಎತ್ತುವವಳೂ ನಾನೇ. ನಮ್ಮ ಕಾರು ಎಲೋಯ್ ಮಾತ್ರ ಮುಟ್ಟಲಿ ಅಂತ ಇಬ್ಬರು. ಲಿಯಾಂದ್ರಾಗೆ ಅಂತಲೇ ಕೊಟ್ಟಿದ್ದ ದಿನವನ್ನು ರದ್ದು ಮಾಡಿ ಅಂತ ಒಬ್ಬಳು, ಅದೂ ಅವಳ ಜೊತೆ ಶಾಲೆಯಲ್ಲಿ ಓದಿದವಳು. ನಮ್ಮೂರಲ್ಲಿ ಗಂಡಸು ಬಣ್ಣ ಸುಟ್ಟರೆ ಅವತ್ತು ಅವನ ಗ್ರಹಚಾರ ಕೆಟ್ಟಿತ್ತು ಅನ್ನುತ್ತಾರೆ. ಹುಡುಗಿ ಸುಟ್ಟರೆ ಅವಳ ಮೊಮ್ಮಕ್ಕಳ ಮದುವೆಯಲ್ಲೂ ಅದನ್ನೇ ಹೇಳುತ್ತಾರೆ. ಈ ಕಣಿವೆಯಲ್ಲಿ ಅವಳ ಕೈಗೆ ಇನ್ನೊಂದು ಕಾರು ಬರುವುದಿಲ್ಲ ಅಂತ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅವತ್ತು ಮಧ್ಯಾಹ್ನ ಅವಳು ಒಗೆಯುವ ಕೋಣೆಗೆ ಬಂದಳು. ಮಡಿಸದ ಬಟ್ಟೆಗಳನ್ನು ಎಳೆದುಕೊಂಡು ನನ್ನ ಜೊತೆ ಮಡಿಸತೊಡಗಿದಳು. ಹತ್ತನೆಯ ಬಟ್ಟೆಗೆ ನನಗೆ ತಡೆಯಲಾಗಲಿಲ್ಲ. ಡಬ್ಬದ ಹಿಂದಿನಿಂದ ಬಿಲ್ಲೆ ತೆಗೆದು ಅವಳ ತೊಡೆಯ ಮೇಲಿಟ್ಟೆ.

“ಯಾವತ್ತಿಂದು ಅತ್ತೆ ಇದು?”

“ಬುಧವಾರದ್ದು.”

“ಬುಧವಾರ ನಾನು ಮಷೀನೇ ಮುಟ್ಟಿಲ್ಲ. ಇಡೀ ದಿನ ಆ ನೀಲಿ ಟ್ರಕ್ಕಿನ ಸೀಟು ತೊಳೀತಿದ್ದೆ.” ಅವಳು ಕರಗಿದ ಜಾಗವನ್ನು ಉಗುರಿನಿಂದ ಕೆರೆದಳು. “ಇಷ್ಟು ಕಾಯೋ ತನಕ ಅಪ್ಪ ಯಾಕೆ ನಿಲ್ಲಿಸ್ಲಿಲ್ಲ? ಕೈ ಇಟ್ಟು ನೋಡೇ ನೋಡ್ತಾನಲ್ಲ.”

ಆಗ ನನ್ನ ಹೊಟ್ಟೆಯಲ್ಲಿದ್ದ ಇನ್ನೊಂದು ವಿಷಯವೂ ಹೊರಗೆ ಬಂತು. ಅಣ್ಣ ಊಟಕ್ಕೆ ಕೂರುವ ಮುಂಚೆ ಒಲೆಯ ಹತ್ತಿರ ನಿಂತು ತನ್ನ ತೋರ್ತಿಯಾ ತಾನೇ ಬಿಸಿ ಮಾಡಿಕೊಳ್ಳುತ್ತಾನೆ. ಎಲ್ಲರೂ ಕಬ್ಬಿಣದ ಹಂಚಿನಿಂದ ರೊಟ್ಟಿಯ ಅಂಚನ್ನು ಚಕ್ಕನೆ ಚಿಮ್ಮಿಸಿ ತಿರುಗಿಸುತ್ತೇವೆ. ಅವನು ಎರಡು ವರ್ಷದಿಂದ ಬೆರಳನ್ನು ಹಂಚಿನ ಮೇಲೆಯೇ ಇಟ್ಟುಕೊಂಡು ಮಾತಾಡುತ್ತಾನೆ. ನನ್ನ ಮಗನ ಕೈ ಕಬ್ಬಿಣ ಅಂತ ಅಮ್ಮ ಕೊಚ್ಚಿಕೊಳ್ಳುತ್ತಾಳೆ. ಅವನ ಬೆರಳ ತುದಿಯ ಬೊಬ್ಬೆಗಳಿಗೆ ನಾನೇ ಮೂರು ಸಲ ಮುಲಾಮು ಹಚ್ಚಿದ್ದೇನೆ. ಚಳಿಗಾಲದ ಬೆಳಿಗ್ಗೆ ಅವನ ಬೆರಳುಗಳು ಸುಣ್ಣದ ಹಾಗೆ ಬಿಳುಚಿಕೊಂಡಿರುತ್ತವೆ. ಮೂವತ್ತೈದು ವರ್ಷ ಮಷೀನು ನಡುಗಿಸಿದ ಕೈ.

ಲಿಯಾಂದ್ರಾ ಬಿಲ್ಲೆಯನ್ನು ತಿರುಗಿಸಿ ತೊಡೆಯ ಮೇಲೆ ಬೋರಲು ಇಟ್ಟಳು.

“ಅಪ್ಪಂಗೆ ಬಿಸಿ ಗೊತ್ತಾಗಲ್ಲ,” ಅಂದಳು ಆಮೇಲೆ. “ಅವನಿಗೂ ಅದು ಗೊತ್ತು.”

ಅವತ್ತೇ ಊಟದ ಮೇಜಿನ ಮೇಲೆ ಆ ಬಿಲ್ಲೆ ಬಂತು, ಚೀಲೆ ಮೆಣಸಿನಕಾಯಿ ಸಾರಿನ ಬಟ್ಟಲಿನ ಪಕ್ಕ. ಅಮ್ಮ ಕೋಣೆಯಲ್ಲಿ ಜಪಮಾಲೆ ಹಿಡಿದಿದ್ದಳು. ಮೇಜಿನ ಹತ್ತಿರ ನಾವು ನಾಲ್ವರೇ. ಕೊರೀನಾ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬೇಯಿಸಿ ದಣಿದು ಬಂದಿದ್ದಳು. ಬಿಲ್ಲೆಯ ಕೆಂಪು ನೋಡಿದ್ದೇ ಅವಳಿಗೆ ತನ್ನಪ್ಪನ ಬಣ್ಣ ಗುರುತು ಸಿಕ್ಕಿತು. ಚಮಚ ಕೆಳಗಿಟ್ಟು ಗಂಡನನ್ನು ನೋಡಿದಳು. ಅಣ್ಣ ಮೊದಲು ನನ್ನ ಕಡೆ ತಿರುಗಿ, ಬುಟ್ಟಿ ಹೊರುವವಳು ಬುಟ್ಟಿ ಹೊರಬೇಕು ಅಂತ ಗದರಿದ. ಬುಟ್ಟಿಯಲ್ಲಿ ಬಂದದ್ದನ್ನೇ ತಂದಿದ್ದೇನೆ ಅಂದೆ. ನಾನು ಅಣ್ಣನಿಗೆ ಎದುರು ಮಾತಾಡಿದ್ದು ಅದೇ ಮೊದಲು, ಹಿತವಾಗಿತ್ತು.

“ಮಾವಂಗೆ ಹೇಳು ಅಪ್ಪ,” ಅಂದಳು ಲಿಯಾಂದ್ರಾ.

“ಏನಂತ ಹೇಳ್ಲಿ? ನನ್ನ ಕೈ ಸತ್ತುಹೋಗಿದೆ ಅಂತಲಾ? ನಾಳೆಯಿಂದ ಈ ಅಂಗಳಕ್ಕೆ ಒಂದು ನಾಯೀನೂ ಬರಲ್ಲ.” ಅವನು ತಟ್ಟೆ ದೂರ ತಳ್ಳಿದ. “ನೀನು ಚಿಕ್ಕವಳು. ಐದು ವರ್ಷಕ್ಕೆ ಜನ ಮರೀತಾರೆ. ನನಗೆ ಐದು ವರ್ಷ ಇಲ್ಲ.”

“ಅಂದ್ರೆ ನನ್ನ ಹೆಸರು ಮಾರಿ ನಿನ್ನ ಕೈ ಉಳಿಸ್ಕೋತೀಯ.”

“ಆಲ್ಬಕರ್ಕಿಗೆ ಹೋಗು. ಅಲ್ಲಿ ಯಾರಿಗೂ ಗೊತ್ತಿಲ್ಲ.”

“ಹೋಗಲ್ಲ. ಶುಭ ಶುಕ್ರವಾರ ಮಾವ ಊಟಕ್ಕೆ ಬರ್ತಾರೆ. ಅಷ್ಟರೊಳಗೆ ನೀನಾಗಿ ಹೇಳು. ಇಲ್ಲಾಂದ್ರೆ ನಾನು ತೋರಿಸ್ತೀನಿ.”

ಕೊರೀನಾ ಎರಡೂ ಕಡೆ ಸಿಕ್ಕಿಹಾಕಿಕೊಂಡಳು. ಪಾತ್ರೆ ತೊಳೆಯುವಾಗ ಮಗಳ ಹತ್ತಿರ ಬೇಡಿಕೊಂಡಳು, ಈ ಒಂದು ಸಲ ನುಂಗಿಕೋ, ಈಸ್ಟರ್ ಕಳೆಯಲಿ ಅಂತ. ಮಗಳು ಒಪ್ಪಲಿಲ್ಲ. ಆಮೇಲೆ ಕೊರೀನಾ ಯಾರಿಗೂ ಏನೂ ಹೇಳದೆ ಒಲೆಯ ಪಕ್ಕ ಒಂದು ಇಕ್ಕಳ ತಂದಿಟ್ಟಳು. ಅಣ್ಣ ಅದನ್ನು ತೆಗೆದು ಮೂಲೆಗೆ ಎಸೆದ. ಮರುದಿನ ಅವಳು ಅದನ್ನೇ ತೊಳೆದು ಮತ್ತೆ ಅಲ್ಲೇ ಇಟ್ಟಳು. ಮೂರು ವಾರ ಇದೇ ನಡೆಯಿತು, ಅವನು ಎಸೆಯುವುದು, ಅವಳು ತೊಳೆದಿಡುವುದು.

ಶೆಡ್ಡಿನಲ್ಲಿ ಹುಡುಗಿಗೆ ಕೊಡುವ ಕಾರು ಯಾವುದೂ ಇರಲಿಲ್ಲ. ಆದರೂ ಲಿಯಾಂದ್ರಾ ಸುಮ್ಮನೆ ಕೂರಲಿಲ್ಲ. ಗುಜರಿಯಿಂದ ಒಂದು ಕಪ್ಪು ಬಾನೆಟ್ಟು ಹೊತ್ತು ತಂದು, ರಸ್ತೆಗೆ ಎದುರಾಗಿ ಎರಡು ಡ್ರಮ್ಮಿನ ಮೇಲೆ ಮಲಗಿಸಿದಳು. ದಿನಾ ಬೆಳಿಗ್ಗೆ ಎಂಟಕ್ಕೆ ಮಷೀನು ಶುರು. ಹೋಗುವವರು ಬರುವವರು ಹಾರ್ನು ಹೊಡೆದು, ಅದನ್ನೂ ಸುಟ್ಟುಬಿಡು ಹುಡುಗಿ ಅಂತ ಕೂಗುತ್ತಿದ್ದರು. ಅವಳು ಕೈ ಬೀಸುತ್ತಿದ್ದಳು. ಎರಡನೆಯ ವಾರಕ್ಕೆ ಆ ಗುಜರಿ ತಗಡಿನಲ್ಲಿ ಎದುರಿನ ಗುಡ್ಡ, ತಂತಿಯ ಮೇಲಿನ ಕಾಗೆ, ಹೋಗುವವರ ಮುಖ ಎಲ್ಲ ಕಾಣತೊಡಗಿದವು. ಹಾರ್ನು ಕಡಿಮೆಯಾಯಿತು. ಶೆಡ್ಡಿನ ಒಳಗೆ ಅಣ್ಣ ಬಾಗಿಲು ಅರ್ಧ ಮುಚ್ಚಿಕೊಂಡು ಕೆಲಸ ಮಾಡುತ್ತಿದ್ದ. ಫಿಡೆಲ್‌ನ ಬಾನೆಟ್ಟನ್ನು ಮಾತ್ರ ಮುಟ್ಟಿರಲಿಲ್ಲ. ಹೆದರಿದ್ದ ಅಂತ ನಾನು ಈಗ ಹೇಳಬಲ್ಲೆ.

ಶುಭ ಶುಕ್ರವಾರ ಬೆಳಗಿನ ಜಾವವೇ ನಾವು ಚಿಮಾಯೋ ಊರಿನ ಪುಣ್ಯಗುಡಿಗೆ ಹರಕೆಯ ನಡಿಗೆ ಹೋಗಿ, ಯಾರದೋ ಟ್ರಕ್ಕಿನಲ್ಲಿ ವಾಪಸು ಬಂದೆವು, ಅಮ್ಮನನ್ನು ಬಿಟ್ಟು ಎಲ್ಲರೂ. ಹತ್ತು ಮೈಲಿ ದಾರಿಯುದ್ದಕ್ಕೂ ಮಗಳು ಮುಂದೆ, ಅಪ್ಪ ಹಿಂದೆ. ಮಧ್ಯಾಹ್ನ ಒಂದೂವರೆಗೆ ಊಟ. ಮೊಟ್ಟೆ ಕಲಸಿ ಕರಿದ ತೋರ್ತಾ ವಡೆಗಳನ್ನು ಕೆಂಪು ಚೀಲೆ ಸಾರಿನಲ್ಲಿ ಮುಳುಗಿಸಿದ್ದೆ, ಸೊಪ್ಪಿನ ಪಲ್ಯ, ಬೀನ್ಸು, ಕೊರೀನಾ ಮಾಡಿದ ಗೋಧಿ ಮೊಳಕೆಯ ಸಿಹಿ ಪನೋಚಾ. ಫಿಡೆಲ್ ಬಂದು ಕೂತ. ಅಕ್ಕನ ಮನೆಯ ಊಟ ಬಿಡಲಾರ, ಸಿಟ್ಟೂ ಬಿಡಲಾರ. ಮೊದಲ ತುತ್ತು ತಿಂದು ಲಿಯಾಂದ್ರಾಳ ಕಡೆ ನೋಡಿದ.

“ಈ ಕೆಂಪು ಚೆನ್ನಾಗಿದೆ. ಇದನ್ನ ನೀನು ಮುಟ್ಲಿಲ್ಲ ಅನ್ಸುತ್ತೆ.”

ಕೊರೀನಾಳ ಕೈ ಪಾತ್ರೆಯ ಮೇಲೆ ನಿಂತಿತು. ಅಣ್ಣ ತಟ್ಟೆ ನೋಡುತ್ತಿದ್ದ. ಲಿಯಾಂದ್ರಾ ಅವನನ್ನೇ ನೋಡುತ್ತ ಕಾದಳು. ಮಾತಾಡಿದವಳು ಅಮ್ಮ. ಅದು ಯಾರ ತಪ್ಪೂ ಅಲ್ಲ, ತಾನು ಹೆಣೆದ ಚೀಲದ್ದು, ಹುಡುಗಿ ಬೇಡ ಅಂದರೂ ಕೇಳದೆ ಕೊಟ್ಟೆ, ಬಯ್ಯುವುದಿದ್ದರೆ ಈ ಮುದುಕಿಯನ್ನು ಬಯ್ಯಪ್ಪ ಅಂದಳು. ಎಂಬತ್ತೊಂದು ವರ್ಷದ ತಾಯಿ ತಪ್ಪು ಹೊತ್ತುಕೊಳ್ಳುತ್ತಿದ್ದರೂ ಅಣ್ಣ ತಲೆ ಎತ್ತಲಿಲ್ಲ. ಆಗ ನನಗೆ ಅವನ ಮೇಲೆ ಅಸಹ್ಯ ಹುಟ್ಟಿತು. ದೇವರಾಣೆ, ಒಡಹುಟ್ಟಿದವನ ಮೇಲೆ.

“ಇಲ್ಲ ಅಜ್ಜಿ,” ಅಂದಳು ಲಿಯಾಂದ್ರಾ, ಎದ್ದು ನಿಂತು. “ನಿನ್ನ ಚೀಲ ಮಷೀನು ಕಾಯಿಸ್ತು ಅಷ್ಟೆ. ಕಾದಿದ್ದು ಗೊತ್ತಾಗ್ಬೇಕಿತ್ತಲ್ಲ, ಅದು ಬೇರೆ. ಮಾವ, ಹೊರಗೆ ಬನ್ನಿ. ಎಲ್ಲರೂ ಬನ್ನಿ.”

ಶುಭ ಶುಕ್ರವಾರ ಹನ್ನೆರಡರಿಂದ ಮೂರರ ತನಕ ನಮ್ಮ ಕಣಿವೆಯಲ್ಲಿ ಯಾರೂ ಸುತ್ತಿಗೆ ಕೂಡ ಎತ್ತುವುದಿಲ್ಲ. ರೇಡಿಯೋ ಹಾಕುವುದಿಲ್ಲ, ಕಸ ಗುಡಿಸುವುದಿಲ್ಲ. ಪ್ರಭು ಶಿಲುಬೆಯ ಮೇಲಿರುವ ಹೊತ್ತು. ಆ ಹೊತ್ತಿನಲ್ಲಿ ಹುಡುಗಿ ಅಪ್ಪನ ಮಷೀನಿಗೆ ಅಜ್ಜಿಯ ನೇರಳೆ ಚೀಲ ತೊಡಿಸಿ, ಗುಂಡಿ ಹಾಕಿ, ಸ್ವಿಚ್ಚು ಒತ್ತಿದಳು. ಬೀದಿಯ ಉದ್ದಕ್ಕೂ ಸದ್ದು ಹೋಯಿತು. ಅಮ್ಮ ಶಿಲುಬೆಯ ಗುರುತು ಹಾಕಿಕೊಂಡಳು. ಎದುರು ಮನೆಯ ಕಿಟಕಿಯಲ್ಲಿ ಎರಡು ತಲೆ ಕಂಡವು. ಲಿಯಾಂದ್ರಾ ಅಪ್ಪನ ಹಾಗೆಯೇ ವೇಗ ಕಡಿಮೆ ಇಟ್ಟು, ಮೈಭಾರ ಹಾಕಿ, ತಾನು ಮೂರು ವಾರ ಹೊಳಪು ಕೊಟ್ಟ ಕಪ್ಪು ಬಾನೆಟ್ಟಿನ ಮೇಲೆ ಮಷೀನು ಒತ್ತಿದಳು. ಸಾಕು ಅಂತ ಕೊರೀನಾ ಅಂದರೂ ನಿಲ್ಲಿಸಲಿಲ್ಲ. ಹತ್ತು ನಿಮಿಷಕ್ಕೆ ಉಣ್ಣೆಯ ವಾಸನೆ ಬಂತು. ಬಾನೆಟ್ಟಿನ ನಡುವೆ ಅಂಗೈಯಗಲ ಬಣ್ಣ ಮಂಕಾಗಿ ಸುಟ್ಟಿತು. ತನ್ನ ಕೆಲಸವನ್ನು ತಾನೇ ಹಾಳು ಮಾಡಿದಳು.

ಮಷೀನು ನಿಂತಿತು. ಅವಳು ಚೀಲ ಕಿತ್ತು, ಥರ್ಮಾಮೀಟರನ್ನು ತಲೆಗೆ ಹಿಡಿದು ಅಂಕಿಯನ್ನು ಎಲ್ಲರಿಗೂ ತೋರಿಸಿದಳು. ನೂರ ಐವತ್ತೆರಡು ಡಿಗ್ರಿ ಫ್ಯಾರನ್‌ಹೀಟ್. ಹಿಡಿಕೆಗೆ ಬಟ್ಟೆ ಸುತ್ತಿ ಮಷೀನನ್ನು ಫಿಡೆಲ್ ಮುಂದೆ ಚಾಚಿ, ತಲೆ ಹಿಡಿಯಿರಿ ಅಂದಳು. ಫಿಡೆಲ್ ಹಿಡಿದ, ಹಿಡಿದಷ್ಟೇ ಬೇಗ ಬಿಟ್ಟು, ಆ ಪವಿತ್ರ ಹೊತ್ತಿನಲ್ಲಿ ಆಡಬಾರದ ಒಂದು ಮಾತು ಆಡಿದ. ನಾನು ಮುಟ್ಟಿದೆ, ಬೆರಳು ಬಾಯಿಗೆ ಹೋಯಿತು. ಕೊರೀನಾ ಹತ್ತಿರ ಕೈ ತಂದು ಮುಟ್ಟದೆಯೇ ಹಿಂದೆ ತೆಗೆದಳು.

“ಇಷ್ಟು ಕಾದಿದ್ರೆ ಯಾರಾದ್ರೂ ಬಿಟ್ಟೇ ಬಿಡ್ತಾರೆ, ಅಲ್ವಾ ಮಾವ?” ಅಂದು ಅವಳು ಅಪ್ಪನ ಕಡೆ ತಿರುಗಿದಳು. ಅವಳ ದನಿ ಅಲ್ಲಿ ಸ್ವಲ್ಪ ಇಳಿಯಿತು. “ನೀನು ಹಿಡೀಬೇಕಿಲ್ಲ ಅಪ್ಪ. ಬಾಯಲ್ಲಿ ಹೇಳಿದ್ರೂ ಸಾಕು.”

ಅಣ್ಣ ಮಷೀನನ್ನು ನೋಡಿದ. ಅವನಿಗೆ ತಪ್ಪಿಸಿಕೊಳ್ಳಲು ದಾರಿ ಎದುರಿಗೇ ಇತ್ತು. ಫಿಡೆಲ್ ಮಾಡಿದ ಹಾಗೆಯೇ ಹಿಡಿದು, ಹಾ ಅಂತ ಕೈ ಕೊಡವಿದ್ದರೆ ಮುಗಿಯಿತು. ಮಗಳು ಸುಳ್ಳಿಯಾಗುತ್ತಿದ್ದಳು, ಅವನ ಕೈ ಊರಿನವರ ಬಾಯಲ್ಲಿ ಇನ್ನೂ ಹತ್ತು ವರ್ಷ ಬದುಕುತ್ತಿತ್ತು. ಅವನು ಅದನ್ನು ಯೋಚಿಸಿದ. ನಾನು ಅವನ ಜೊತೆ ಒಂದೇ ಹಾಸಿಗೆಯಲ್ಲಿ ಬೆಳೆದವಳು, ಅವನು ಸುಳ್ಳು ಯೋಚಿಸುವಾಗ ಎಡಗಣ್ಣು ಕಿರಿದಾಗುತ್ತದೆ. ಕಿರಿದಾಯಿತು. ಆಮೇಲೆ ಅವನು ಕೈ ಚಾಚಿ ಮಷೀನಿನ ತಲೆಯನ್ನು ಮುಷ್ಟಿಯಲ್ಲಿ ಹಿಡಿದ.

ಹಿಡಿದುಕೊಂಡೇ ನಿಂತ. ಫಿಡೆಲ್‌ನ ಬಾಯಿ ತೆರೆದುಕೊಂಡಿತು. ನಾನು ಉಸಿರು ಎಣಿಸಿದೆ, ಮೂರು, ನಾಲ್ಕು, ಐದು.

“ತಣ್ಣಗಿದೆ ಫಿಡೆಲ್,” ಅಂದ ಅಣ್ಣ. “ನನಗೆ ಇದು ತಣ್ಣಗಿದೆ. ಎರಡು ವರ್ಷದಿಂದ ಎಲ್ಲಾನೂ ತಣ್ಣಗೇ ಇದೆ. ನಿಮ್ಮಪ್ಪನ ಬಣ್ಣ ಸುಟ್ಟವನು ನಾನು.”

ಲಿಯಾಂದ್ರಾ ಮಷೀನನ್ನು ಅವನ ಕೈಯಿಂದ ಕಿತ್ತುಕೊಂಡಳು. ಅವನ ಅಂಗೈಯಲ್ಲಿ ಕೆಂಪು ಬರೆ ಎದ್ದಿತ್ತು, ಅವನಿಗೇ ಅದು ಗೊತ್ತಿರಲಿಲ್ಲ. ಅಮ್ಮ, ಕತ್ತೆ ಕಣೋ ನೀನು, ಹುಟ್ಟಾ ಕತ್ತೆ ಅಂತ ಬಯ್ಯುತ್ತ ಅವನ ಮಣಿಕಟ್ಟು ಹಿಡಿದು ನಲ್ಲಿಯ ಕಡೆ ಎಳೆದುಕೊಂಡು ಹೋದಳು. ಐವತ್ತೇಳು ವರ್ಷದ ಗಂಡಸು ಹಿಂದೆ ಹಿಂದೆ ಹೋದ. ಕೊರೀನಾ ಅಳುತ್ತಿದ್ದಳು. ತಮ್ಮನಿಗಾಗಿಯೋ ಗಂಡನಿಗಾಗಿಯೋ, ಬಹುಶಃ ಅವಳಿಗೂ ತಿಳಿಯದು.

ಫಿಡೆಲ್ ಬಹಳ ಹೊತ್ತು ಆ ಸುಟ್ಟ ಕಪ್ಪು ಬಾನೆಟ್ಟಿನ ಮುಂದೆ ನಿಂತಿದ್ದ. ಸುಟ್ಟ ಜಾಗದ ಸುತ್ತ ಉಳಿದದ್ದರಲ್ಲಿ ಅವನ ಮುಖ ಕಾಣುತ್ತಿತ್ತು. ಕೊನೆಗೆ, ಭಾನುವಾರಕ್ಕೆ ತನ್ನ ಕಾರಿನ ಬಾನೆಟ್ಟು ಯಾರು ಮಾಡುತ್ತಾರೆ ಅಂತ ಕೇಳಿದ.

“ನಾನು ಮಾಡ್ತೀನಿ,” ಅಂದಳು ಲಿಯಾಂದ್ರಾ. “ನಾಳೆ ಏಳಕ್ಕೆ ಬನ್ನಿ. ನೀವು ಬಾಗಿಲು ತೊಳೀರಿ, ಚಕ್ರ ಒರೆಸಿ.”

ಅವನು ಬಂದ. ಏಳಕ್ಕೆ ಹತ್ತು ನಿಮಿಷ ಮುಂಚೆಯೇ ಬಂದು, ಬಕೆಟ್ಟು ತುಂಬಿಕೊಂಡು, ಮಂಡಿಯೂರಿ ಚಕ್ರ ಒರೆಸಿದ. ಅಣ್ಣ ಕೈಗೆ ಪಟ್ಟಿ ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತಿದ್ದ, ಬೆಳಿಗ್ಗೆ ಇಕ್ಕಳ ಹಿಡಿದು ತೋರ್ತಿಯಾ ತಿರುಗಿಸಿ ತಿಂದು ಬಂದಿದ್ದ. ಮಗಳು ನಾಲ್ಕು ಸಲ ಮಷೀನು ಆಡಿಸಿ ನಿಲ್ಲಿಸುತ್ತಿದ್ದಳು. ಅವನು ಆ ಪಿಸ್ತೂಲಿನಿಂದ ಬಾನೆಟ್ಟಿಗೆ ಗುರಿ ಇಟ್ಟು ಗಟ್ಟಿಯಾಗಿ ಅಂಕಿ ಓದುತ್ತಿದ್ದ. ತೊಂಬತ್ತೆಂಟು. ನೂರ ನಾಲ್ಕು. ಒಂದು ಸಲ, ಮಷೀನಿನ ದನಿ ಒಡೆದಿದೆ, ಭಾರ ಕಡಿಮೆ ಹಾಕು ಅಂದ. ಅವಳು, ಮಾತು ಕಡಿಮೆ, ಅಂಕಿ ಓದು ಅಂದಳು. ಆದರೆ ಭಾರ ಕಡಿಮೆ ಮಾಡಿದಳು. ಡಿಕ್ಕಿಯ ಬೆಳ್ಳಿ ಕಲೆಯನ್ನು ಫಿಡೆಲ್ ಹಾಗೆಯೇ ಬಿಡಲು ಹೇಳಿದ, ಅದರ ಮೇಲೆ ಬೇರೆ ಕೆಂಪು ಹಚ್ಚಿದರೆ ಅಪ್ಪ ಎದ್ದು ಬಂದು ಬಯ್ಯುತ್ತಾನೆ ಅಂದ.

ಆ ಸಂಜೆಯ ಬುಟ್ಟಿಯಲ್ಲಿ ಒಂಬತ್ತು ಬಿಲ್ಲೆ ಬಂದವು. ಒಂದೊಂದನ್ನೂ ದೀಪಕ್ಕೆ ಹಿಡಿದು ಎರಡೂ ಕಡೆ ತಿರುಗಿಸಿ ನೋಡಿದೆ. ಒಂದರಲ್ಲೂ ಕೆಂಪು ಇರಲಿಲ್ಲ.